ಪುಟ್ಟ ಹೆಂಚು ಡೊಂಕಾಗದಿರಲು

ಪ್ರಶ್ನೆ: ಹಳೆಯ ಹೆಂಚಿನ ಕಾರ್ಖಾನೆಯ ಚಿಮಣಿ ಉಳಿಸಲು ಹಣ ಕೂಡಿಸುತ್ತಿದ್ದೇವೆ. ಮಾರಲು ಮಾಡಿಸಿದ ಪುಟ್ಟ ಮಣ್ಣಿನ ಹೆಂಚುಗಳು ಒಣಗುವಾಗಲೇ ಡೊಂಕಾದವು, ಅಕ್ಷರವೂ ಮಸುಕು. ಏನು ಮಾಡೋಣ?
– ಓದುಗರು, ಮಂಗಳೂರು

ಉತ್ತರ: ಬಿಸಿಲಿಗಿಟ್ಟಿರಬೇಕು. ಮೇಲ್ಮೈ ಮೊದಲು ಕುಗ್ಗಿ ಅಂಚು ಮೇಲೇಳುತ್ತದೆ. ನೆರಳಲ್ಲಿ, ಹಲಗೆಯ ಮೇಲೆ ಕಾಗದ ಹಾಸಿ, ದಿನಕ್ಕೊಮ್ಮೆ ಮಗುಚುತ್ತ ವಾರವಿಡೀ ಒಣಗಿಸಿ. ನಮ್ಮ ಮಳೆಗಾಲಕ್ಕೆ ಅದೂ ಸಾಲದು. ಸುಟ್ಟು ಮುಗಿಯುವಷ್ಟರಲ್ಲಿ ಮಣ್ಣು ಸುಮಾರು ಶೇ. 10 ಕುಗ್ಗುತ್ತದೆ. ಹಾಗಾಗಿ 9 ಸೆಂ.ಮೀ. ಹೆಂಚಿಗೆ 10 ಸೆಂ.ಮೀ. ಅಚ್ಚು ಬೇಕು, ಮೊದಲು ನಾಲ್ಕೈದು ಸುಟ್ಟು ಅಳೆಯಿರಿ. ಅಕ್ಷರ 2 ಮಿ.ಮೀ. ಉಬ್ಬಿರಲಿ, ಬದಿ ಇಳಿಜಾರಾಗಿರಲಿ. ಸಣ್ಣ ಒತ್ತಕ್ಷರಗಳು ಅಚ್ಚಿನಲ್ಲೇ ಕಚ್ಚಿಕೊಳ್ಳುತ್ತವೆ. ಉದ್ದದ ಘೋಷಣೆ ಬಿಡಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಇಲ್ಲಿನ ಜೆಪ್ಪುವಿನಲ್ಲಿ ಹೆಂಚು ಶುರುಮಾಡಿದ ವರ್ಷ, ‘ಜೆಪ್ಪು 1865’, ಸಾಕು. ಕಂಪನಿಯ ಮುದ್ರೆಯನ್ನು ಮಾತ್ರ ಹಕ್ಕುದಾರರ ಲಿಖಿತ ಒಪ್ಪಿಗೆಯಿಲ್ಲದೆ ಬಳಸಬೇಡಿ.