ಸಣ್ಣ ತರಕಾರಿ ಜಮೀನಿನವರು ವರ್ಷದ ಕೊನೆಗೆ ಏನು ನೋಡಬೇಕು?

ಎಷ್ಟು ಕೆಜಿ ಬಂತು, ಎಷ್ಟು ಖರ್ಚಾಯಿತು ಅಂತ ಬರೆದಿಟ್ಟರೆ ಸಾಕಲ್ವಾ ಎಂದು ಕೇಳಿದ್ದೀರಿ. ಅದು ಬೇಕು, ಆದರೆ ಅಷ್ಟೇ ಸಾಲದು. ಇಳುವರಿ ಯಾಕೆ ಕೈಕೊಟ್ಟಿತು ಅನ್ನೋದು ಆ ಲೆಕ್ಕದಲ್ಲಿ ಸಿಗುವುದಿಲ್ಲ. ಅದು ಬೇರಿನಲ್ಲಿ ಸಿಗುತ್ತದೆ.

ಅದಕ್ಕೇ ನಾನು ಕೊನೆಯ ಗಿಡಗಳನ್ನು ಸುಮ್ನೆ ಕಿತ್ತು ಗೊಬ್ಬರದ ಗುಂಡಿಗೆ ಎಸೆಯುವುದಿಲ್ಲ. ಪ್ರತಿ ಮಡಿಯಲ್ಲೂ ಒಂದೆರಡು ಗಿಡವನ್ನು ಮಣ್ಣಿನ ಸಮೇತ ಅಗೆದು, ಬೇರು ತೊಳೆದು ನೋಡುತ್ತೇನೆ. ಬೀನ್ಸ್ ಬೇರಿಗೆ ಅಂಟಿಕೊಂಡ ಸಣ್ಣ ಗಂಟುಗಳು ಉಗುರು ತಾಗಿಸಿದರೆ ಕಳಚಿ ಬರುತ್ತವೆ. ಅವು ಒಳ್ಳೆಯವು, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾದ ಮನೆ. ಹೂ ಬಿಡುವ ಕಾಲದಲ್ಲಿ ಸೀಳಿದರೆ ಒಳಗೆ ನಸುಗೆಂಪು ಇರುತ್ತದೆ. ಕಾಯಿ ಬಲಿತ ಮೇಲೆ ಕಂದಾಗುವುದು ಸಹಜ, ಗಾಬರಿ ಬೇಡ. ಟೊಮೆಟೊ ಬೇರಿನ ಗಂಟು ಬೇರೆಯೇ. ಅಲ್ಲಿ ಬೇರೇ ಊದಿಕೊಂಡಿರುತ್ತದೆ, ಉಜ್ಜಿದರೂ ಬಿಡುವುದಿಲ್ಲ. ಅದು ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುವಿನ (ನೆಮಟೋಡ್) ಕಾಟ. ಮೇಲೆ ನೋಡಿದರೆ ಗಿಡ ನೀರು, ಗೊಬ್ಬರ ಸಾಲದೆ ಸೊರಗಿದ ಹಾಗೇ ಕಾಣುತ್ತದೆ. ಇದು ಗೊತ್ತಿಲ್ಲದಿದ್ದರೆ ಮುಂದಿನ ವರ್ಷವೂ ಗೊಬ್ಬರ ಸುರಿಯುತ್ತೀರಿ, ಫಲ ಸಿಗುವುದಿಲ್ಲ. ಅಂಥ ಬೇರನ್ನು ಗೊಬ್ಬರದ ಗುಂಡಿಗೂ ಹಾಕಬೇಡಿ. ಆ ಮಡಿಯಲ್ಲಿ ಬದನೆ, ಬೆಂಡೆ, ಸೌತೆ ಬೇಡ. ಅವಕ್ಕೂ ಅದೇ ಹುಳು ತಗಲುತ್ತದೆ. ಚೆಂಡುಹೂವನ್ನು ಒತ್ತೊತ್ತಾಗಿ ಬೆಳೆಸಿದರೆ ಹುಳು ಕಡಿಮೆಯಾಗುತ್ತದೆ.

ಆಮೇಲೆ ಒಂದು ನಕ್ಷೆ. ಯಾವ ಮಡಿಯಲ್ಲಿ ಏನಿತ್ತು ಅಂತ ನೆನಪಿರುತ್ತದೆ ಅಂದುಕೊಳ್ಳುತ್ತೇವೆ, ಬಿತ್ತನೆಯ ಗಡಿಬಿಡಿಯಲ್ಲಿ ಅದು ಇರುವುದಿಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ನಾಲ್ಕೂ ಒಂದೇ ಕುಟುಂಬ. ಒಂದು ತೆಗೆದು ಇನ್ನೊಂದು ಹಾಕಿದರೆ ಬೆಳೆ ಬದಲಿಸಿದ ಹಾಗೆ ಆಗುವುದಿಲ್ಲ. ಆ ಜಾಗಕ್ಕೆ ಈ ಕುಟುಂಬ ಮತ್ತೆ ಬರುವಷ್ಟರಲ್ಲಿ 3 ವರ್ಷವಾದರೂ ಕಳೆದಿರಲಿ.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆತಿದ್ದರೆ ಅದನ್ನೂ ನಕ್ಷೆಯಲ್ಲಿ ಗುರುತು ಮಾಡಿ. ಕಾಯಿಗೆ ಕ್ಯಾಲ್ಸಿಯಂ ಸಾಲದೆ ಹಾಗಾಗುತ್ತದೆ ನಿಜ, ಆದರೆ ಎಷ್ಟೋ ಸಲ ಮಣ್ಣಿನಲ್ಲಿ ಅದಕ್ಕೆ ಕೊರತೆ ಇರುವುದಿಲ್ಲ. ಒಂದು ವಾರ ಒಣಗಿಸಿ ಇನ್ನೊಂದು ವಾರ ತುಂಬಿ ಹರಿಸಿದರೆ ಅದು ಕಾಯಿಯವರೆಗೆ ತಲುಪುವುದಿಲ್ಲ. ಅಲ್ಲಿ ಸರಿಯಾಗಬೇಕಾದ್ದು ನೀರು ಬಿಡುವ ಕ್ರಮ.

ಈ ವರ್ಷ ನನಗೆ ತುಂಬಾ ಖುಷಿ ಕೊಟ್ಟದ್ದು ಒಣಹುಲ್ಲು ಹೊದಿಸಿದ ಮಡಿ. ಇಳುವರಿಯಲ್ಲಿ ಅದೇನೂ ಮುಂದಿರಲಿಲ್ಲ. ಆದರೆ ಹುಲ್ಲು ಸರಿಸಿದರೆ ಕೆಳಗೆ ತೇವ, ಎರೆಹುಳು, ಹಿಡಿದರೆ ಉದುರುವ ಮಣ್ಣು. ಪಕ್ಕದ ಬರಿ ಮಡಿಯಲ್ಲಿ ಹೆಂಟೆ ಒಡೆಯಲು ಗುದ್ದಲಿಯೇ ಬೇಕಾಯಿತು. ಕಳೆ ಕೀಳುವ ಕೆಲಸವೂ ಹೊದಿಸಿದ ಕಡೆ ಎಷ್ಟೋ ಕಡಿಮೆ. ಸಣ್ಣ ಜಮೀನಿನಲ್ಲಿ ಮೊದಲು ಸೋಲುವುದು ನಮ್ಮ ಮೈ, ಹಾಗಾಗಿ ಯಾವ ಬೆಳೆ ಎಷ್ಟು ದುಡಿಸಿತು ಅನ್ನೋದನ್ನೂ ಬರೆದಿಡಿ.

ಉಳಿದ ಬೀಜ ಎಸೆಯಬೇಡಿ. 10 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ. 7 ಮೊಳೆತರೆ ಸ್ವಲ್ಪ ಒತ್ತಾಗಿ ಬಿತ್ತಿ. ಅರ್ಧಕ್ಕಿಂತ ಕಡಿಮೆಯಾದರೆ ಹೊಸದು ತನ್ನಿ.