ಇಲಿಗೂ ಬೇಲಿಯೇ?

ಪ್ರಶ್ನೆ: ಮಗಳು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿದ್ದಾಳೆ. ಅಲ್ಲಿ ಬೆಟ್ಟದ ತೊರೆಗಳಿಗೆ ದನ ಇಳಿಯದಂತೆ ಬೇಲಿ ಹಾಕಿದ್ದಾರಂತೆ, ಒಂದು ಇಲಿಗೋಸ್ಕರ! ಇದು ಜಾಸ್ತಿ ಆಯ್ತು ಅಲ್ವಾ?
– ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ ಅಮ್ಮಾ, ಆ ಇಲಿಯ ಪಾಡು ಕೇಳಿ. ಅದು ಹುಲ್ಲುಗಾವಲಿನ ನೆಗೆಯುವ ಇಲಿ. ಮೈಗಿಂತ ಬಾಲವೇ ಉದ್ದ, ಹಿಂಗಾಲು ಪುಟ್ಟ ಕಾಂಗರೂವಿನಂತೆ. ವರ್ಷದಲ್ಲಿ ಎಂಟೊಂಬತ್ತು ತಿಂಗಳು ನೆಲದಡಿ ನಿದ್ದೆ! ಉಳಿದ ಬೇಸಿಗೆಯಲ್ಲೇ ಮರಿ ಹಾಕಬೇಕು, ಹುಲ್ಲಿನ ಬೀಜ ತಿಂದು ಕೊಬ್ಬಬೇಕು. ಹರಿಯುವ ನೀರಿನ ಪಕ್ಕ, ಒದ್ದೆ ನೆಲದಲ್ಲಿ ದಟ್ಟವಾಗಿ ಎತ್ತರಕ್ಕೆ ಬೆಳೆದ ಹುಲ್ಲು ಬಿಟ್ಟರೆ ಅದಕ್ಕೆ ಬೇರೆ ಜಾಗ ಒಗ್ಗದು. ದನಗಳಿಗೂ ಅದೇ ಹುಲ್ಲು ಇಷ್ಟ. ಬುಡದವರೆಗೆ ಮೇಯ್ದರೆ ಇಲಿಗೆ ಊಟವೂ ಇಲ್ಲ, ಮರೆಯೂ ಇಲ್ಲ. 2014ರಲ್ಲಿ ಸರ್ಕಾರ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ದನಗಾಹಿಗಳ ಸಿಟ್ಟೂ ಸುಮ್ನೆ ಅಲ್ಲ, ಆ ಒಣನಾಡಿನಲ್ಲಿ ನೀರಿರುವುದೂ ಅಲ್ಲೇ ತಾನೆ!