ಒಂದೇ ದಿನದಲ್ಲಿ ಮಂಗಳೂರು ಸುತ್ತಮುತ್ತ ಏನೇನು ನೋಡಬಹುದು?

ಗುಡಿ, ಚರ್ಚು, ಮ್ಯೂಸಿಯಂ ಮೂರನ್ನೂ ಒಂದೇ ದಿನದಲ್ಲಿ ನೋಡಬಹುದೇ ಅಂತ ಕೇಳಿದ್ದೀರಿ. ಧಾರಾಳವಾಗಿ. ಮಧ್ಯಾಹ್ನ ಗುಡಿಯ ಬಾಗಿಲು ಹಾಕುವುದರಿಂದ ಬೆಳಿಗ್ಗೆಯೇ ಕದ್ರಿ ಮಂಜುನಾಥನ ದರ್ಶನ ಮುಗಿಸಿ. ಅಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದೆ.

ಮುಂದೆ ಸಂತ ಅಲೋಶಿಯಸ್ ಚಾಪೆಲ್, ಅಂದರೆ ಅದೇ ಹೆಸರಿನ ಕಾಲೇಜಿನ ಚರ್ಚು. ಇಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. 1899ರಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಶುರುಮಾಡಿದ ಚಿತ್ರಗಳು ಒಳಗೆಲ್ಲ ತುಂಬಿವೆ. ಗೋಡೆಯವು ಹಸಿ ಗಾರೆಯ ಮೇಲೆ ಬಣ್ಣ ಹಚ್ಚಿದ ಫ್ರೆಸ್ಕೊಗಳು, ಚಾವಣಿಯವು ಕ್ಯಾನ್ವಾಸಿನ ತೈಲಚಿತ್ರಗಳು. ಬೆಂಚಿನಲ್ಲಿ ಕೂತು, ಕತ್ತೆತ್ತಿ, ಕಣ್ತುಂಬ ನೋಡಿ. ಕಾಲೇಜಿನದೇ ಅಲೋಶಿಯಂ ಮ್ಯೂಸಿಯಂ ಕೂಡ ಇದೆ. ರಜಾದಿನ ಮೊದಲೇ ವಿಚಾರಿಸಿಕೊಳ್ಳಿ.

ಊಟವಾದ ಮೇಲೆ ಮೂಡುಬಿದಿರೆಗೆ ಹೊರಡಿ. 1430ರ ಸಾವಿರ ಕಂಬದ ಬಸದಿಯ ಕಂಬಗಳ ಕೆತ್ತನೆಯನ್ನು ಹತ್ತಿರ ನಿಂತು ನೋಡಬೇಕು.